ಘಟಸರ್ಪ: ನಾಗಪ್ಪನೂ ಅಲ್ಲ, ಮಕರವೂ ಅಲ್ಲ

ಬಾದಾಮಿ, ಪಟ್ಟದಕಲ್ಲಿನ ಮಕರತೋರಣ ತೋರಿಸಿ "ನೋಡ್ರಿ, ಇದು ಡ್ರ್ಯಾಗನ್" ಅನ್ನುವ ವಿಡಿಯೋಗಳು ಈಗ ಜಾಸ್ತಿಯಾಗಿವೆ. ಮೊನ್ನೆ ಒಬ್ಬರು ಇನ್ನೂ ಮುಂದೆ ಹೋಗಿದ್ದರು. ಬೈಬಲಿನ ಘಟಸರ್ಪವೂ ಇದೇ ಅಂತೆ, ಕ್ರೈಸ್ತರು ನಮ್ಮ ನಾಗಪ್ಪನನ್ನು ಸೈತಾನ ಅನ್ನುತ್ತಾರಂತೆ. ಮೂರು ಪ್ರಾಣಿಗಳನ್ನು ಒಂದೇ ಉಸಿರಿನಲ್ಲಿ ಕಲಸಿಬಿಟ್ಟರು.

ಮಕರದ ವಿಷಯ ಬೇಗ ಮುಗಿಯುತ್ತದೆ. ಅದು ನೀರಿನ ಪ್ರಾಣಿ, ಗಂಗೆಯ ವಾಹನ. ಬಾಗಿಲ ಮೇಲೆ ಅದನ್ನು ಕೆತ್ತುವುದು ಶುಭಕ್ಕೆ. ಚೀನಾದ ಡ್ರ್ಯಾಗನ್ನಿಗೂ ಸೈತಾನನಿಗೂ ಅದನ್ನು ಗಂಟುಹಾಕುವುದು ಸುಮ್ನೆ ಮಾತು.

ಘಟಸರ್ಪದ ಕತೆ ಉದ್ದ. ಘಟ ಅಂದರೆ ಗಡಿಗೆ. ಹಿಂದೆ ಆರೋಪ ಹೊತ್ತವರು ಹಾವಿರುವ ಗಡಿಗೆಯೊಳಗೆ ಕೈಯಿಟ್ಟು ತಮ್ಮ ಸತ್ಯ ತೋರಿಸಬೇಕಿತ್ತು. ಕಚ್ಚದಿದ್ದರೆ ಬಚಾವು. ಬಸವಣ್ಣನವರ ವಚನ ನೆನಪಿದೆ ಅಲ್ವಾ? ಭಕ್ತಿ ಗರಗಸದ ಹಾಗೆ ಹೋಗುತ್ತಾ ಕೊಯ್ಯುತ್ತದೆ, ಬರುತ್ತಾ ಕೊಯ್ಯುತ್ತದೆ. ಘಟಸರ್ಪಕ್ಕೆ ಕೈ ಹಾಕಿದರೆ ಅದು ಹಿಡಿಯದೆ ಬಿಟ್ಟೀತೇ ಎಂದು ಕೂಡಲಸಂಗಮದೇವನನ್ನೇ ಕೇಳುತ್ತಾರೆ. ಅಲ್ಲಿರುವುದು ನಿಜವಾದ ಹಾವು. ರೆಕ್ಕೆ ಇಲ್ಲ, ಬೆಂಕಿಯೂ ಇಲ್ಲ. ಬರಬರುತ್ತಾ ಮಾತಿನಿಂದ ಗಡಿಗೆ ಜಾರಿಹೋಯಿತು, ಭಾರಿ ವಿಷದ ಹಾವು ಮಾತ್ರ ಉಳಿಯಿತು. (ಬೆಳಗಾವಿ ಕಡೆ ಮರಾಠಿ ಮಾತಾಡುವವರು ಎಮ್ಮೆಗೆ ಘಟಸರ್ಪ ಬಂದಿದೆ ಅಂದರೆ ಕೋಲು ಹಿಡಿದು ಓಡಬೇಡಿ. ಅದು ಗಂಟಲು ಬಾತು ಉಸಿರುಗಟ್ಟಿಸುವ ರೋಗ. ನಾವು ಗಳಲೆ ಅನ್ನುವುದು ಅದನ್ನೇ.)

ಬೈಬಲನ್ನು ಕನ್ನಡಕ್ಕೆ ತಂದವರು ಗ್ರೀಕಿನ 'ಡ್ರಾಕೋನ್' ಬಂದ ಕಡೆ ಘಟಸರ್ಪ ಎಂಬ ಪದವನ್ನು ಇಟ್ಟರು. ಡ್ರಾಕೋನ್ ಅಂದರೂ ಮೊದಲಿಗೆ ದೊಡ್ಡ ಹಾವೇ. ನೋಡು ಎಂಬರ್ಥದ ಧಾತುವಿನಿಂದ ಬಂದದ್ದು ಅನ್ನುತ್ತಾರೆ, ದಿಟ್ಟಿಸಿ ನೋಡುವ ಪ್ರಾಣಿ. ಹಾಗಾಗಿ ಪದ ಕೆಟ್ಟದ್ದೇನಲ್ಲ. ಆದರೆ ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದ 12ನೇ ಅಧ್ಯಾಯದಲ್ಲಿರುವುದು ಹೊಲದ ಬದುವಿನಲ್ಲಿ ಸಿಗುವ ಹಾವಲ್ಲ. ಕೆಂಪು ಬಣ್ಣ, ಏಳು ತಲೆ, ಹತ್ತು ಕೊಂಬು. ಬಾಲದಿಂದ ಆಕಾಶದ ನಕ್ಷತ್ರಗಳಲ್ಲಿ ಮೂರರಲ್ಲೊಂದು ಪಾಲನ್ನು ಎಳೆದು ಭೂಮಿಗೆ ಎಸೆಯುತ್ತದೆ. ಹೆರಿಗೆ ನೋವಿನಲ್ಲಿರುವ ಹೆಂಗಸಿನ ಎದುರು, ಮಗುವನ್ನು ನುಂಗಲು ಕಾಯುತ್ತಾ ನಿಲ್ಲುತ್ತದೆ. ದೇವದೂತ ಮೀಕಾಯೇಲ ಅದನ್ನು ಸೋಲಿಸುತ್ತಾನೆ. ಅದು ಯಾರು ಅಂತ ನಾವು ಊಹಿಸಬೇಕಾಗಿಲ್ಲ, 9ನೇ ವಚನವೇ ಹೇಳುತ್ತದೆ: ಪಿಶಾಚ, ಸೈತಾನ. ಮುಂದಿನ ಅಧ್ಯಾಯದಲ್ಲಿ ಅದು ಒಂದು ಮೃಗಕ್ಕೆ ತನ್ನ ಅಧಿಕಾರ ಕೊಡುತ್ತದೆ. ಆ ಮೃಗ ಕ್ರೈಸ್ತರನ್ನು ಹಿಂಸಿಸುತ್ತಿದ್ದ ರೋಮ್ ಸಾಮ್ರಾಜ್ಯ ಅಂತ ಅನೇಕ ಪಂಡಿತರ ಓದು.

ಹಾಗಂತ ಬೈಬಲಿನಲ್ಲಿ ಹಾವೆಲ್ಲ ಸೈತಾನನೇ? ಅಲ್ಲ. ಮೋಶೆ ಅಡವಿಯಲ್ಲಿ ತಾಮ್ರದ ಸರ್ಪವನ್ನು ಕಂಬಕ್ಕೇರಿಸುತ್ತಾನೆ, ಹಾವು ಕಚ್ಚಿದವರು ಅದನ್ನು ನೋಡಿ ಬದುಕುತ್ತಾರೆ. ಯೇಸು ಶಿಲುಬೆಗೇರುವ ತನ್ನನ್ನೇ ಆ ಸರ್ಪಕ್ಕೆ ಹೋಲಿಸಿಕೊಳ್ಳುತ್ತಾನೆ. ಶಿಷ್ಯರಿಗೆ ಸರ್ಪಗಳಂತೆ ಜಾಣರಾಗಿರಿ ಅನ್ನುತ್ತಾನೆ. ನಾಗರಪಂಚಮಿಗೆ ಹಾಲೆರೆಯುವ ಹುತ್ತಕ್ಕೂ ಪ್ರಕಟನೆಗೂ ಸಂಬಂಧ ಕಟ್ಟುವವರು ಇಷ್ಟನ್ನಾದರೂ ಓದಬೇಕಿತ್ತು.

ಇನ್ನು ಚೀನಾದ 'ಲೊಂಗ್'. ಅದು ಮಳೆ ತರುತ್ತದೆ, ನದಿ ಕಾಯುತ್ತದೆ, ಚಕ್ರವರ್ತಿಯ ಗುರುತಾಗಿತ್ತು. ಇಂಗ್ಲಿಷರು ಅದಕ್ಕೂ ಡ್ರ್ಯಾಗನ್ ಅಂದರು. ಚೀನೀ ಬೈಬಲಿನಲ್ಲಿ ಪ್ರಕಟನೆಯ ಘಟಸರ್ಪಕ್ಕೆ ಲೊಂಗ್ ಅಂತಲೇ ಇದೆ, ಗೊಂದಲ ಅಲ್ಲೂ ತಪ್ಪಲಿಲ್ಲ. ನಮ್ಮ ವೇದದ ವೃತ್ರಾಸುರ ಮಳೆ ತರುವ ಲೊಂಗ್‌ಗೆ ಪೂರ್ತಿ ಉಲ್ಟಾ. ಅವನು ನೀರು ತಡೆದು ಕೂತವನು, ಇಂದ್ರ ಕೊಂದ ಮೇಲೆ ನದಿಗಳು ಹರಿದವು.

ಯುರೋಪಿನ ಸಂತರ ಕತೆಗಳಲ್ಲಿ ಮಾತ್ರ ಡ್ರ್ಯಾಗನ್ನಿಗೆ ಪ್ರಕಟನೆಯ ಬಣ್ಣ ಗಟ್ಟಿಯಾಗಿ ಹತ್ತಿದೆ. ಸಂತ ಜಾರ್ಜ್ 303ರ ಸುಮಾರಿಗೆ ಕ್ರೈಸ್ತ ನಂಬಿಕೆಗಾಗಿ ಸತ್ತವನು. ಡ್ರ್ಯಾಗನ್ ಅವನ ಕತೆಗೆ ಸೇರಿದ್ದು ನೂರಾರು ವರ್ಷ ಕಳೆದ ಮೇಲೆ. 13ನೇ ಶತಮಾನದ ಕತೆಯಲ್ಲಿ ಊರಿನವರು ಕ್ರೈಸ್ತರಾಗುವ ದೀಕ್ಷಾಸ್ನಾನಕ್ಕೆ ಒಪ್ಪಿದ ಮೇಲೆಯೇ ಅವನು ಅದನ್ನು ಕೊಲ್ಲುತ್ತಾನೆ. ಅಲ್ಲಿಗೆ ಅದು ಪ್ರಾಣಿಯಾಗಿ ಉಳಿಯಲಿಲ್ಲ, ಊರು ಬಿಡಬೇಕಾದ ಹಳೆಯ ನಂಬಿಕೆಯಾಯಿತು. ಇದೇ ಜಾರ್ಜ್ ಇಂಗ್ಲೆಂಡಿನ ಪೋಷಕ ಸಂತ. ಪಕ್ಕದ ವೇಲ್ಸಿನ ಬಾವುಟದಲ್ಲೋ ಕೆಂಪು ಡ್ರ್ಯಾಗನ್ನೇ ಇದೆ. ಅಲ್ಲಿನ ಕ್ರೈಸ್ತರು ಅದನ್ನು ಹೆಮ್ಮೆಯಿಂದಲೇ ಹಾರಿಸುತ್ತಾರೆ.