ಚೋಕ್ ಬಿಟ್ಟರೆ ಗಾಡಿ ಆಫ್: ಕಾರ್ಬ್ಯುರೇಟರ್ ಬದಲಿಸಲೇಬೇಕಾ?

ಪ್ರಶ್ನೆ: ನಾನು ವಿಜಯಪುರ ಕಡೆಯವನು. ಗೋವಾದ ಫೋಂಡಾ ಹತ್ತಿರ ಒಂದು ಅಡಿಕೆ ತೋಟ ನೋಡಿಕೊಳ್ಳುತ್ತೇನೆ. ತೋಟದೊಳಗೆ ಗೊಬ್ಬರ, ತೆಂಗಿನಕಾಯಿ ಸಾಗಿಸಲು 110 ಸಿಸಿಯ ಹಳೇ ಎಟಿವಿ (ನಾಲ್ಕು ದಪ್ಪ ಚಕ್ರದ ಗಾಡಿ) ಇದೆ. ಜೂನ್‌ನಲ್ಲಿ ಶೆಡ್‌ಗೆ ಹಾಕಿ ದಸರಾ ಹೊತ್ತಿಗೆ ಹೊರಗೆ ತೆಗೆದೆ. ಚೋಕ್ ಹಾಕಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದ ಕೂಡಲೇ ಆಫ್. ಮೆಕ್ಯಾನಿಕ್ ಹೊಸ ಕಾರ್ಬ್ಯುರೇಟರ್ ಹಾಕಿಸಿ ಅನ್ನುತ್ತಾರೆ. ಹಾಕಿಸಲೇಬೇಕಾ?

ಉತ್ತರ: ಈಗಲೇ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮ ಕಾರ್ಬ್ಯುರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ, ಕೆಟ್ಟಿರುವುದಕ್ಕಿಂತ ಕಟ್ಟಿಕೊಂಡಿರುವ ಸಾಧ್ಯತೆಯೇ ಜಾಸ್ತಿ.

ಚೋಕ್ ಹಾಕಿದಾಗ ಎಂಜಿನ್‌ಗೆ ಹೋಗುವ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಪಾಲು ಹೆಚ್ಚುತ್ತದೆ. ಆಗ ಮಾತ್ರ ಗಾಡಿ ನಡೆಯುತ್ತದೆ ಅಂದರೆ, ಉಳಿದ ಹೊತ್ತಿನಲ್ಲಿ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುವಾಗ, ಪೆಟ್ರೋಲ್ ಕೊಡುವುದು ಪೈಲಟ್ ಜೆಟ್ ಅನ್ನುವ ತೂತಿರುವ ಸಣ್ಣ ಸ್ಕ್ರೂ. ಮೆಕ್ಯಾನಿಕ್‌ಗಳು ಸ್ಲೋ ಜೆಟ್ ಅಂತಲೂ ಕರೆಯುತ್ತಾರೆ. ಅದರ ತೂತು ಸುಮಾರು ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣದು. ಹಾಗಾಗಿ ಮೊದಲು ಮುಚ್ಚಿಹೋಗುವುದು ಅದೇ.

ಮುಚ್ಚುವುದು ಹೀಗೆ. ನಿಂತ ಗಾಡಿಯ ಬೌಲ್‌ನಲ್ಲಿ, ಅಂದರೆ ಕಾರ್ಬ್ಯುರೇಟರ್ ತಳದ ಬಟ್ಟಲಲ್ಲಿ, ಉಳಿದ ಸ್ವಲ್ಪ ಪೆಟ್ರೋಲ್ ನಿಧಾನಕ್ಕೆ ಆವಿಯಾಗುತ್ತದೆ. ಹಗುರ ಅಂಶವೆಲ್ಲ ಹೋಗಿ, ಕಂದು ಬಣ್ಣದ ಅಂಟು ತಳದಲ್ಲಿ ಉಳಿಯುತ್ತದೆ. ಇದಕ್ಕೆ ಗೋವಾದ ಮಳೆಗಾಲವೂ ಸೇರಿಕೊಳ್ಳುತ್ತದೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಒಂದು ಮಿತಿ ದಾಟಿದರೆ ನೀರೂ ಎಥನಾಲೂ ಕೂಡಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಜೆಟ್ ಇರುವುದೂ ತಳದಲ್ಲೇ ಅಲ್ವಾ? ಒಳಗಿನ ಲೋಹಕ್ಕೆ ಬಿಳಿ ಪುಡಿ ಹಿಡಿಯುವುದೂ ಹೀಗೆಯೇ.

ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಎರಡು ಸಣ್ಣ ಪರೀಕ್ಷೆ ಮಾಡಿ. ಬೌಲ್‌ನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿಯಿರಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಬಣ್ಣ ಕಪ್ಪಗಾಗಿ ವಾರ್ನಿಶ್ ವಾಸನೆ ಬಂದರೆ ಪೆಟ್ರೋಲ್ ಹಳಸಿದೆ. ಎರಡರಲ್ಲಿ ಯಾವುದಾದರೂ ಟ್ಯಾಂಕ್ ಖಾಲಿ ಮಾಡಲೇಬೇಕು.

ಎರಡನೆಯದು, ಕಾರ್ಬ್ಯುರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್. ಹಳೇ ಗಾಡಿಯಲ್ಲಿ ಇದು ಒಣಗಿ ಬಿರುಕು ಬಿಟ್ಟಿರುತ್ತದೆ. ಅಲ್ಲಿಂದ ಗಾಳಿ ಒಳಗೆ ಹೋದರೂ ಇದೇ ಲಕ್ಷಣ ಬರುತ್ತದೆ. ಚೋಕ್‌ನಲ್ಲಿ ಎಂಜಿನ್ ಓಡುವಾಗ ಆ ರಬ್ಬರ್ ಸುತ್ತ ಸ್ವಲ್ಪ ನೀರು ಸ್ಪ್ರೇ ಮಾಡಿ. ಎಂಜಿನ್ ಸದ್ದು ಬದಲಾದರೆ ತಪ್ಪು ಅಲ್ಲಿದೆ, ರಬ್ಬರ್ ಬದಲಿಸಿದರೆ ಸಾಕು. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದು ನೋಡಿ. ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಇಲಿಯೋ ಕಣಜವೋ ಗೂಡು ಮಾಡಿರಬಹುದು.

ಇವೆಲ್ಲ ಸರಿಯಿದ್ದರೆ ಕಾರ್ಬ್ಯುರೇಟರ್ ಇಳಿಸಿ. ಬಯಲಲ್ಲಿ ಮಾಡಿ. ಬೀಡಿ, ಬೆಂಕಿ ಹತ್ತಿರ ಬೇಡ, ಬ್ಯಾಟರಿ ವೈರ್ ತೆಗೆದಿಡಿ. ಬಿಚ್ಚುತ್ತಾ ಹೋದ ಹಾಗೆ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಕೆಳಗೆ ಬಿಳಿ ಬಟ್ಟೆ ಹಾಸಿ. ಐಡ್ಲಿಂಗ್‌ನ ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ತಿರುಗಿದ ಮೇಲೆ ಕೂರುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಒತ್ತಿ ಬಿಗಿಯಬೇಡಿ, ತುದಿ ಹಾಳಾಗುತ್ತದೆ. ಆ ಸ್ಕ್ರೂ ಜೊತೆ ಒಂದು ಸ್ಪ್ರಿಂಗ್, ಸಣ್ಣ ವಾಷರ್, ಅದಕ್ಕಿಂತ ಸಣ್ಣ ರಬ್ಬರ್ ರಿಂಗ್ ಇರಬಹುದು. ಬಹಳ ಗಾಡಿಗಳು ಆ ರಿಂಗ್ ಕಳೆದುಹೋದದ್ದರಿಂದಲೇ ರಿಪೇರಿ ಆದಮೇಲೂ ಸರಿಯಾಗುವುದಿಲ್ಲ.

ಜೆಟ್‌ಗಳು ಹಿತ್ತಾಳೆಯವು, ಮೆದು. ಸರಿಯಾದ ಅಗಲದ ಸ್ಕ್ರೂಡ್ರೈವರ್ ಬಳಸಿ. ತೆಗೆದು ಬೆಳಕಿಗೆ ಹಿಡಿದರೆ ದುಂಡಗಿನ ಬೆಳಕಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಆಮೇಲೆ ಗಾಳಿ ಹೊಡೆಯಿರಿ. ಗಟ್ಟಿ ಕಸ ಬಿಡದಿದ್ದರೆ ಕರೆಂಟ್ ವೈರ್‌ನೊಳಗಿನ ತೆಳು ತಾಮ್ರದ ಎಳೆ ಸಾಕು. ಸೂಜಿ, ಉಕ್ಕಿನ ತಂತಿ ಹಾಕಲೇಬೇಡಿ. ತೂತು ಒಂದಿಷ್ಟು ದೊಡ್ಡದಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ, ಆಮೇಲೆ ಆ ಜೆಟ್ ಎಸೆಯಬೇಕಾಗುತ್ತದೆ.

ಹೆಚ್ಚಿನವರು ಜೆಟ್ ತೊಳೆದು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅಲ್ಲೇ ತಪ್ಪುತ್ತದೆ. ಪೈಲಟ್ ಜೆಟ್ ಕೂರುವ ಜಾಗದಿಂದ ಎಂಜಿನ್ ಕಡೆಗೆ ಕಾರ್ಬ್ಯುರೇಟರ್ ಬಾಡಿಯೊಳಗೇ ಸಣ್ಣ ದಾರಿಗಳಿವೆ. ಅಂಟು ಅಲ್ಲೂ ಕೂತಿರುತ್ತದೆ. ರಬ್ಬರ್ ಭಾಗಗಳನ್ನೆಲ್ಲ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಜೆಟ್ ಜಾಗದಿಂದ ಕ್ಲೀನರ್ ಸ್ಪ್ರೇ ಮಾಡಿ. ಸ್ಲೈಡ್ (ಆಕ್ಸಿಲರೇಟರ್ ಕೊಟ್ಟಾಗ ಮೇಲೇಳುವ ತುಂಡು) ಹತ್ತಿರ, ಎಂಜಿನ್ ಬದಿಯಲ್ಲಿರುವ ಚಿಕ್ಕ ತೂತಿನಿಂದ ಅದು ಚಿಮ್ಮಿ ಬರಬೇಕು. ಬರುವವರೆಗೂ ಜೋಡಿಸಬೇಡಿ. ನಿಮ್ಮ ಮೆಕ್ಯಾನಿಕ್‌ಗೇ ಕೆಲಸ ಕೊಟ್ಟರೂ ಈ ಒಂದನ್ನು ಎದುರಿಗೆ ನಿಂತು ನೋಡಿ.

ಜೋಡಿಸುವಾಗ, ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯ ತುದಿ ನೋಡಿ. ಸುತ್ತ ಗೆರೆ ಬಿದ್ದಿದ್ದರೆ ಪೆಟ್ರೋಲ್ ಓವರ್‌ಫ್ಲೋ ಆಗುತ್ತದೆ, ಬದಲಿಸಿ. ಗ್ಯಾಸ್ಕೆಟ್, ಸೂಜಿ, ಜೆಟ್ ಎಲ್ಲ ಇರುವ ರಿಪೇರಿ ಕಿಟ್ ಸಿಗುತ್ತದೆ. ಹಳೇ ಕಾರ್ಬ್ಯುರೇಟರನ್ನೇ ಅಂಗಡಿಗೆ ಒಯ್ದು ಹೋಲಿಸಿ ತನ್ನಿ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ಕೂರಿಸಿ, ಬರೆದಿಟ್ಟಷ್ಟೇ ಸುತ್ತು ಹೊರಕ್ಕೆ ತಿರುಗಿಸಿ. ಟ್ಯಾಂಕ್‌ನಲ್ಲಿ ತುಕ್ಕಿದ್ದರೆ ತೊಳೆದು, ಪೈಪ್‌ಗೆ ಹೊಸ ಫಿಲ್ಟರ್ ಹಾಕಿ. ಇಲ್ಲದಿದ್ದರೆ ಕೆಲವೇ ದಿನಕ್ಕೆ ಮತ್ತೆ ಅದೇ ಕಥೆ. ಸ್ಟಾರ್ಟ್ ಮಾಡುವುದು ಮುಚ್ಚಿದ ಶೆಡ್‌ನಲ್ಲಿ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆ ಇಲ್ಲದೆ ಜೀವ ತೆಗೆಯುತ್ತದೆ.

ಹೊಸದು ಯಾವಾಗ ಬೇಕು? ಬಿಳಿ ಪುಡಿ ಒರೆಸಿದ ಮೇಲೆ ಬಾಡಿಯಲ್ಲಿ ಗುಂಡಿ ಬಿದ್ದಿದ್ದರೆ, ಸ್ಲೈಡ್ ಸವೆದು ಅಲುಗಾಡುತ್ತಿದ್ದರೆ, ಸೂಜಿ ಕೂರುವ ಜಾಗವೇ ತಿಂದುಹೋಗಿದ್ದರೆ. ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ.

ಮುಂದಿನ ಜೂನ್‌ನಲ್ಲಿ ಗಾಡಿ ನಿಲ್ಲಿಸುವ ದಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ. ಆಮೇಲೂ ತಳದಲ್ಲಿ ಒಂದಿಷ್ಟು ಉಳಿದಿರುತ್ತದೆ, ಡ್ರೈನ್ ಸ್ಕ್ರೂ ಸಡಿಲಿಸಿ ಅದನ್ನೂ ಇಳಿಸಿಬಿಡಿ.