ಒಳಕೋಣೆಯ ಕಪಾಟು ತೆರೆಸುವ ಬಗೆ

ಐಷಾರಾಮಿ ಮಳಿಗೆಯ ಗಾಜಿನ ಕಪಾಟಿನಲ್ಲಿ ಕಾಣುವುದು ಅಲ್ಲಿರುವ ಸರಕಿನ ಒಂದು ಪಾಲು ಮಾತ್ರ. ಉಳಿದದ್ದು ಹಿಂದಿನ ಕೋಣೆಯಲ್ಲಿ, ಬಟ್ಟೆಯ ಚೀಲಗಳಲ್ಲಿ ಸುತ್ತಿಟ್ಟು, ಬೀಗ ಹಾಕಿದ ಕಪಾಟುಗಳೊಳಗೆ ಇರುತ್ತದೆ. ಯಾರಿಗಾಗಿ ಆ ಬೀಗ ತೆಗೆಯಬೇಕು, ಯಾರಿಗೆ ನಗುಮುಖದಿಂದಲೇ ‘ಸದ್ಯಕ್ಕೆ ಇಲ್ಲ’ ಎನ್ನಬೇಕು ಎಂಬುದನ್ನು ಎದುರಿಗೆ ನಿಂತ ಸಿಬ್ಬಂದಿ ಮೊದಲ ಕೆಲವು ನಿಮಿಷಗಳಲ್ಲೇ ತೀರ್ಮಾನಿಸಿಕೊಂಡಿರುತ್ತಾರೆ. ನಾನು ಹಲವು ವರ್ಷ ಹಾಗೆ ತೀರ್ಮಾನಿಸುವ ಜಾಗದಲ್ಲಿ ನಿಂತಿದ್ದವಳು. ಈಗ ಹೊಸದಾಗಿ ಸೇರುವವರಿಗೆ ತರಬೇತಿ ನೀಡುತ್ತೇನೆ. ಒಳ್ಳೆಯ ಉಡುಪು ತೊಟ್ಟು ಹೋದರೆ ಒಳ್ಳೆಯ ಸೇವೆ ಸಿಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಾನು ಕಂಡಂತೆ, ಉಡುಪಿನ ಪ್ರಭಾವ ಬಾಗಿಲಿನಿಂದ ಹತ್ತು ಹೆಜ್ಜೆಯವರೆಗೆ. ಅಲ್ಲಿಂದ ಮುಂದೆ, ತನಗೇನು ಬೇಕೆಂಬುದನ್ನು ಬಾಯಿಬಿಟ್ಟು ಹೇಳಬಲ್ಲ ಗ್ರಾಹಕರಿಗೇ ಕಪಾಟು ತೆರೆಯುತ್ತದೆ.

ಒಳಗೆ ಕಾಲಿಡುವಾಗಲೇ ಅನೇಕರಿಗೆ ಒಂದು ಅಳುಕು ಇರುತ್ತದೆ: ಏನನ್ನೂ ಕೊಳ್ಳದೆ ಹೊರಬಂದರೆ ತಪ್ಪಾದೀತೇ? ಈ ಅಳುಕಿಗೆ ಹಳೆಯ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೂ ಯುರೋಪಿನ ಅಂಗಡಿಗಳಲ್ಲಿ ಒಳಗೆ ಬಂದವರು ಕೊಳ್ಳಲೆಂದೇ ಬಂದವರೆಂಬ ಭಾವನೆ ಇತ್ತು, ಬೆಲೆ ಚೌಕಾಸಿಯಲ್ಲಿ ನಿಲ್ಲುತ್ತಿತ್ತು. ಪ್ಯಾರಿಸ್ಸಿನ ಲ ಬಾನ್ ಮಾರ್ಷೆ ಎಂಬ ಅಂಗಡಿಯನ್ನು 1852ರಲ್ಲಿ ಸೇರಿದ ಅರಿಸ್ಟೀಡ್ ಬೂಸಿಕೋ ನಿಗದಿತ ಬೆಲೆ, ಯಾರು ಬೇಕಾದರೂ ಒಳಗೆ ಬಂದು ನೋಡಿ ಹೋಗುವ ಸ್ವಾತಂತ್ರ್ಯ, ಸರಕನ್ನು ಹಿಂತಿರುಗಿಸುವ ಅವಕಾಶ ಇವನ್ನು ಒಂದೆಡೆ ತಂದು ಬೆಳೆಸಿದರು. ಇಂದಿನ ಐಷಾರಾಮಿ ಮಳಿಗೆ ನಿಗದಿತ ಬೆಲೆಯನ್ನು ಅಲ್ಲಿಂದ ಪಡೆದುಕೊಂಡಿತು, ಆದರೆ ಪ್ರತಿ ಗ್ರಾಹಕರ ಜೊತೆ ಒಬ್ಬ ವ್ಯಕ್ತಿ ನಿಲ್ಲುವ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಆ ಜೊತೆಯೇ ಒತ್ತಾಯದಂತೆ ಕಾಣುವುದು ಸಹಜ. ‘ಇವತ್ತು ನೋಡಿಕೊಂಡು ಹೋಗಲು ಬಂದಿದ್ದೇನೆ, ತೀರ್ಮಾನ ಮುಂದಿನ ತಿಂಗಳು’ ಎಂದು ಮೊದಲೇ ಹೇಳಿದರೆ ಯಾವ ಅನುಭವಿ ಸಿಬ್ಬಂದಿಯೂ ಬೇಸರಪಡುವುದಿಲ್ಲ. ನಿಜಕ್ಕೂ ಬೇಸರ ತರಿಸುವುದು ಒಂದು ಗಂಟೆ ತೋರಿಸಿಕೊಂಡ ಬಳಿಕ ಮೊಬೈಲ್ ನೋಡುತ್ತ ಸದ್ದಿಲ್ಲದೆ ಜಾರಿಕೊಳ್ಳುವ ರೀತಿ.

ಎದುರಿಗೆ ನಿಂತವರ ಲೆಕ್ಕಾಚಾರ ಏನೆಂದು ತಿಳಿದಿದ್ದರೆ ಮಾತು ಸುಲಭವಾಗುತ್ತದೆ. ಬಹುತೇಕ ಕಡೆ ಅವರಿಗೆ ಸಂಬಳದ ಮೇಲೆ ಕಮಿಷನ್ ಇರುತ್ತದೆ, ಇಲ್ಲವೇ ಇಡೀ ತಂಡಕ್ಕೆ ಸೇರಿಸಿ ಕೊಡುವ ಬೋನಸ್ ಇರುತ್ತದೆ. ತಿಂಗಳಿನ ಟಾರ್ಗೆಟ್ ಅಂತೂ ತಪ್ಪಿದ್ದಲ್ಲ. ಅದರ ಜೊತೆಗೆ ಹೊರಗಿನವರಿಗೆ ಕಾಣದ ಇನ್ನೊಂದು ಅಳತೆಗೋಲಿದೆ: ಎಷ್ಟು ಮಂದಿ ಗ್ರಾಹಕರು ಮರಳಿ ಬಂದರು, ಬಂದವರು ಅದೇ ವ್ಯಕ್ತಿಯನ್ನು ಕೇಳಿಕೊಂಡು ಬಂದರೇ ಎಂಬುದು. ಹಿಂದೆ ಪ್ರತಿಯೊಬ್ಬ ಮಾರಾಟಗಾರರ ಬಳಿಯೂ ಗ್ರಾಹಕರ ಒಂದು ನೋಟ್‌ಬುಕ್ ಇರುತ್ತಿತ್ತು. ಈಗ ಅದೇ ಟ್ಯಾಬ್ಲೆಟ್‌ನೊಳಗೆ ಸೇರಿದೆ. ಹೆಸರು, ಫೋನ್ ಸಂಖ್ಯೆ, ಪಾದದ ಅಳತೆ, ಉಂಗುರದ ಅಳತೆ, ಕೊಂಡದ್ದು, ಕೈಗೆತ್ತಿಕೊಂಡು ಬೇಡವೆಂದದ್ದು, ವಿವಾಹ ವಾರ್ಷಿಕೋತ್ಸವದ ದಿನಾಂಕ ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಯಾವ ವಿವರವನ್ನು ಕೊಡಬೇಕು, ಯಾವುದನ್ನು ಬೇಡವೆನ್ನಬೇಕು ಎಂಬುದು ನಿಮಗೆ ಬಿಟ್ಟದ್ದು. ಆದರೆ ಅಳತೆ ಮತ್ತು ಇಷ್ಟದ ಬಣ್ಣ ಆ ದಾಖಲೆಯಲ್ಲಿ ಇರುವವರಿಗೆ ಮಾತ್ರ ಹೊಸ ಸರಕು ಬಂದ ದಿನ ಕರೆ ಹೋಗುತ್ತದೆ ಎಂಬುದಂತೂ ನಿಜ.

ಇನ್ನು ಮೊದಲ ಮಾತು. ‘ಏನಾದರೂ ಚೆನ್ನಾಗಿರುವುದನ್ನು ತೋರಿಸಿ’ ಎಂದರೆ ಕಣ್ಣೆದುರು ಇರುವುದನ್ನೇ ತೋರಿಸುತ್ತಾರೆ, ಅದರಲ್ಲೂ ಆ ವಾರ ಮಾರಿ ಮುಗಿಸಬೇಕಾದದ್ದನ್ನು ಮುಂದೆ ಮಾಡುತ್ತಾರೆ. ಅದರ ಬದಲು ಯಾರಿಗೆ, ಯಾವ ಬಳಕೆಗೆ, ಎಷ್ಟು ಸಮಯವಿದೆ, ಯಾವ ಮಿತಿಯೊಳಗೆ ಎಂಬ ನಾಲ್ಕು ಸಂಗತಿಗಳನ್ನು ತಿಳಿಸಿದರೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಮಿತಿ ಹೇಳಲು ಸಂಕೋಚಪಡುವವರು ಹೆಚ್ಚು. ಹೇಳಿದರೆ ಅದರ ಮೇಲಿನದನ್ನೇ ತೋರಿಸುತ್ತಾರೆಂಬ ಶಂಕೆಯೂ ಇದೆ, ಆ ಶಂಕೆ ಪೂರ್ತಿ ಸುಳ್ಳೂ ಅಲ್ಲ. ಆದರೂ ಮಿತಿ ಹೇಳದಿದ್ದಾಗ ಸಿಬ್ಬಂದಿ ಅಂದಾಜಿನಲ್ಲಿ ನಡೆಯುತ್ತಾರೆ, ಅಂದಾಜು ತಪ್ಪಿದಾಗ ಇಬ್ಬರಿಗೂ ಮುಜುಗರವಾಗುತ್ತದೆ.

ನಾನೇ ಒಮ್ಮೆ ಹೀಗೆ ತಪ್ಪಿದ್ದೇನೆ. ಮಳೆಯ ದಿನ ಒಬ್ಬ ಮಹಿಳೆ ಬಂದು ಪ್ರತಿದಿನದ ಬಳಕೆಗೆ ಬ್ಯಾಗ್ ಬೇಕೆಂದರು. ನಾನು ಒಂದರ ಹಿಂದೆ ಒಂದರಂತೆ ದಪ್ಪ ಚರ್ಮದ, ಲೋಹದ ಸರಪಳಿಯ ಮೂರು ಬ್ಯಾಗ್‌ಗಳನ್ನು ತಂದಿಟ್ಟೆ. ಅವರು ಪ್ರತಿಯೊಂದನ್ನೂ ಹೆಗಲಿಗೇರಿಸಿ, ಕನ್ನಡಿ ನೋಡಿ, ಮೆಲ್ಲನೆ ಕೆಳಗಿಟ್ಟರು. ಬೆಲೆ ಹೆಚ್ಚಾಯಿತೇನೋ ಎಂದು ನಾನು ಅಗ್ಗದವುಗಳತ್ತ ಹೊರಳಿದೆ. ಅವರ ಮುಖ ಇನ್ನಷ್ಟು ಬಿಗಿಯಿತು. ಹೊರಡುವ ಹೊತ್ತಿಗೆ ತಿಳಿದದ್ದೇನೆಂದರೆ, ಅವರಿಗೆ ಹೆಗಲಿನ ಶಸ್ತ್ರಚಿಕಿತ್ಸೆಯಾಗಿತ್ತು, ಬೇಕಾಗಿದ್ದದ್ದು ಹಗುರವಾದದ್ದು. ಕ್ಯಾನ್ವಾಸಿನ ಅಂಥ ಒಂದು ಬ್ಯಾಗ್ ಒಳಕೋಣೆಯಲ್ಲೇ ಇತ್ತು. ಕೇಳಬೇಕಾದದ್ದು ನಾನು, ಅದರಲ್ಲಿ ಅನುಮಾನವಿಲ್ಲ. ಅಂದಿನಿಂದ ತರಬೇತಿಯಲ್ಲಿ ಇದನ್ನೇ ಮೊದಲ ಪಾಠ ಮಾಡಿದ್ದೇನೆ. ಆದರೆ ಕೇಳುವುದನ್ನು ಮರೆಯುವ ನನ್ನಂಥವರು ಎಲ್ಲ ಮಳಿಗೆಗಳಲ್ಲೂ ಇರುವುದರಿಂದ, ಗ್ರಾಹಕರೇ ಮೊದಲು ಹೇಳಿಬಿಡುವುದು ಕ್ಷೇಮ.

ಸಮಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾರದ ನಡುವಿನ ದಿನಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆದ ಒಂದೆರಡು ಗಂಟೆಯೊಳಗೆ ಹೋದರೆ ಸಿಬ್ಬಂದಿಯ ಪೂರ್ಣ ಗಮನ ಸಿಗುತ್ತದೆ. ಶನಿವಾರದ ಮಧ್ಯಾಹ್ನ ಸಿಗುವುದು ಅದರ ಚೂರು. ಅಪಾಯಿಂಟ್‌ಮೆಂಟ್ ಪಡೆದರೆ ಇನ್ನೂ ಒಳ್ಳೆಯದು, ಏಕೆಂದರೆ ನೀವು ಬರುವ ಮೊದಲೇ ನಿಮ್ಮ ಅಳತೆಯ ವಸ್ತುಗಳು ಒಳಗಿನಿಂದ ಹೊರಬಂದಿರುತ್ತವೆ, ಬೇರೆ ಊರಿನ ಶಾಖೆಯಿಂದ ತರಿಸುವುದಿದ್ದರೆ ಅದಕ್ಕೂ ಕಾಲಾವಕಾಶ ಇರುತ್ತದೆ.

ಎಲ್ಲರೂ ಬಯಸುವ, ಯಾರಿಗೂ ಸುಲಭವಾಗಿ ಸಿಗದ ವಸ್ತುಗಳ ವಿಚಾರವನ್ನು ಪ್ರತ್ಯೇಕವಾಗಿಯೇ ನೋಡಬೇಕು. ನಟಿ ಜೇನ್ ಬರ್ಕಿನ್ ಅವರ ಹೆಸರಿನಲ್ಲಿ ಎರ್ಮೆಸ್ ಸಂಸ್ಥೆ 1984ರಲ್ಲಿ ಹೊರತಂದ ಬರ್ಕಿನ್ ಬ್ಯಾಗ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದನ್ನು ಪಡೆಯಲು ಮೊದಲು ಬೇರೆ ವಸ್ತುಗಳನ್ನು ಕೊಳ್ಳುವಂತೆ ಮಾಡಲಾಗುತ್ತದೆ ಎಂದು ಆರೋಪಿಸಿ 2024ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ದಾವೆ ಹೂಡಿದರು. 2025ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಕಾನೂನಿನ ಮಾತು ಹಾಗಿರಲಿ, ಕೊಂಡ ಇತಿಹಾಸವುಳ್ಳವರಿಗೆ ಆದ್ಯತೆ ಸಿಗುವುದು ಈ ವ್ಯಾಪಾರದಲ್ಲಿ ಗುಟ್ಟೇನಲ್ಲ. ಕೈಗಡಿಯಾರಗಳಲ್ಲಿ ಪರಿಸ್ಥಿತಿ ತುಸು ಬೇರೆ. ರೋಲೆಕ್ಸ್ ಗಡಿಯಾರಗಳು ಬಹುಮಟ್ಟಿಗೆ ಅಧಿಕೃತ ಡೀಲರುಗಳ ಮೂಲಕ ಮಾರಾಟವಾಗುತ್ತವೆ, ಆದ್ದರಿಂದ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದನ್ನು ಬಹುತೇಕ ಆ ಡೀಲರೇ ನಿರ್ಧರಿಸುತ್ತಾರೆ. ಬಾಗಿಲ ಮೇಲಿನ ಫಲಕ ಒಂದೇ ಇದ್ದರೂ ಒಳಗಿರುವುದು ಸಂಸ್ಥೆಯ ಸ್ವಂತ ಮಳಿಗೆಯೇ, ಡೀಲರ್‌ ಅಂಗಡಿಯೇ ಎಂದು ತಿಳಿದುಕೊಳ್ಳುವುದು ಇದಕ್ಕಾಗಿಯೇ.

ಇಂಥ ವಸ್ತುವನ್ನು ಕೇಳುವಾಗ ನೇರವಾಗಿ ಕೇಳಿ: ಕಾಯುವ ಪಟ್ಟಿ ಇದೆಯೇ, ಇದ್ದರೆ ನನ್ನ ಹೆಸರು ಬರೆದುಕೊಳ್ಳುತ್ತೀರಾ, ಸಾಮಾನ್ಯವಾಗಿ ಎಷ್ಟು ಕಾಲ ಹಿಡಿಯುತ್ತದೆ, ಯಾವ ಬಣ್ಣ ಮತ್ತು ಗಾತ್ರವನ್ನು ಒಪ್ಪಿಕೊಂಡರೆ ಬೇಗ ಸಿಗಬಹುದು. ಸಿಬ್ಬಂದಿ ಇಲ್ಲಿ ಒಂದನ್ನು ಗಮನಿಸುತ್ತಿರುತ್ತಾರೆ, ಅದು ಮರುಮಾರಾಟದ ವಾಸನೆ. ಬಣ್ಣ ಯಾವುದಾದರೂ ಸರಿ ಎನ್ನುವವರು, ಕೈಗೆ ಹಾಕಿ ನೋಡಲೂ ಇಷ್ಟಪಡದವರು, ಡಬ್ಬ ಮತ್ತು ಲೇಬಲ್‌ಗಳ ಬಗ್ಗೆಯೇ ಪ್ರಶ್ನೆ ಕೇಳುವವರು ಪಟ್ಟಿಯಲ್ಲಿ ಮೇಲೇರುವುದಿಲ್ಲ. ಆದ್ಯತೆ ಸಿಗಲೆಂದು ಬೇಡದ ಶಾಲುಗಳನ್ನೂ ಬೆಲ್ಟುಗಳನ್ನೂ ಕೊಳ್ಳುತ್ತ ಹೋಗುವವರನ್ನು ನಾನು ಕಂಡಿದ್ದೇನೆ, ಮಾರಾಟಗಾರ್ತಿಯಾಗಿ ಅದರ ಲಾಭವನ್ನೂ ಪಡೆದಿದ್ದೇನೆ. ಸಲಹೆಗಾರ್ತಿಯಾಗಿ ಹೇಳುವುದಾದರೆ, ಮಾತಿನಲ್ಲಿ ಸಿಕ್ಕ ಭರವಸೆ ಬಿಲ್ಲಿನ ಮೇಲೆ ಎಲ್ಲೂ ಬರೆದಿರುವುದಿಲ್ಲ.

ಒಳಹೊಕ್ಕಾಗ ಯಾರೂ ತಲೆಯೆತ್ತಿ ನೋಡದ ಸಂದರ್ಭವೂ ಉಂಟು. ಮಾರ್ಗನ್ ವಾರ್ಡ್ ಮತ್ತು ಡ್ಯಾರನ್ ಡಾಲ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾವು ಹಂಬಲಿಸುವ ಐಷಾರಾಮಿ ಬ್ರ್ಯಾಂಡಿನ ಮಾರಾಟಗಾರರು ತಿರಸ್ಕಾರ ತೋರಿದಾಗ ಕೆಲವರಲ್ಲಿ ಕೊಳ್ಳುವ ಆಸೆ ಕುಗ್ಗುವ ಬದಲು ಹೆಚ್ಚುತ್ತದೆ. ಸಾಮಾನ್ಯ ಬ್ರ್ಯಾಂಡುಗಳ ವಿಚಾರದಲ್ಲಿ ಹಾಗಾಗುವುದಿಲ್ಲ. ಹೀಗೆ ಹೆಚ್ಚಿದ ಆಸೆ ದಿನ ಕಳೆದಂತೆ ಇಳಿದುಹೋಗುತ್ತದೆ ಎಂಬುದೂ ಅವರಿಗೆ ಕಂಡುಬಂದಿತ್ತು. ‘ನಾನೂ ಕೊಳ್ಳಬಲ್ಲೆ’ ಎಂದು ತೋರಿಸಲು ಕಾರ್ಡು ತೆಗೆಯುವ ಆ ಗಳಿಗೆಯನ್ನು ಗುರುತಿಸಿಕೊಂಡು, ಅಂದು ಬರಿಗೈಯಲ್ಲಿ ಹೊರಬರುವುದು ಒಳ್ಳೆಯದು. ಇನ್ನೊಂದು ದಿನ ಬೇರೊಬ್ಬ ಸಿಬ್ಬಂದಿಯನ್ನು ಕೇಳಬಹುದು, ಬೇರೆ ಶಾಖೆಗೂ ಹೋಗಬಹುದು. ಅಸಡ್ಡೆಯಂತೆ ಕಂಡದ್ದು ಕೆಲವೊಮ್ಮೆ ಸರದಿಯ ನಿಯಮವೂ ಆಗಿರುತ್ತದೆ. ಯಾವ ಗ್ರಾಹಕರು ಯಾರ ಪಾಲಿಗೆ ಎಂಬ ಸರದಿ ಇರುವ ಕಡೆ ಮೂಲೆಯಲ್ಲಿ ನಿಂತವರು ನಿಮ್ಮನ್ನು ಮಾತನಾಡಿಸುವಂತೆಯೇ ಇಲ್ಲ.

ಬೆಲೆಯಲ್ಲಿ ರಿಯಾಯಿತಿ ಕೇಳುವುದರಿಂದ ಸಿಗುವುದು ಕಡಿಮೆ. ಲೂಯಿ ವಿಟಾನ್‌ನಂಥ ಸಂಸ್ಥೆಗಳು ರಿಯಾಯಿತಿ ಮಾರಾಟವನ್ನೇ ನಡೆಸುವುದಿಲ್ಲ, ಸಿಬ್ಬಂದಿಗೆ ಆ ಅಧಿಕಾರವೂ ಇರುವುದಿಲ್ಲ. ಅವರ ಕೈಯಲ್ಲಿರುವುದು ಬೇರೆ: ಚರ್ಮದ ಮೇಲೆ ಹೆಸರಿನ ಮೊದಲಕ್ಷರಗಳನ್ನು ಒತ್ತಿಸಿಕೊಡುವುದು, ಗಡಿಯಾರದ ಪಟ್ಟಿಯ ಕೊಂಡಿ ತೆಗೆದು ಅಳತೆಗೆ ಸರಿಮಾಡುವುದು, ಉಡುಪಿನ ಅಂಚು ಮಡಚಿ ಹೊಲಿಸುವುದು, ಆಭರಣವನ್ನು ಶುಚಿಗೊಳಿಸುವುದು. ಇವುಗಳಲ್ಲಿ ಯಾವುದು ಉಚಿತವೆಂದು ಕೇಳಿ ತಿಳಿದುಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಬೇಕು: ಹೆಸರು ಒತ್ತಿಸಿದ, ಕತ್ತರಿಸಿದ, ಹೇಳಿ ಮಾಡಿಸಿದ ವಸ್ತುವನ್ನು ಬಹುತೇಕ ಎಲ್ಲೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಹಣ ಕಟ್ಟುವ ಮುಂಚಿನ ಐದು ನಿಮಿಷಗಳನ್ನು ಯಾರಿಗೂ ಬಿಟ್ಟುಕೊಡಬೇಡಿ. ಬೆಳಕಿನಡಿ ಹೊಲಿಗೆಯ ಸಾಲು, ಜಿಪ್ಪಿನ ಓಟ, ಕೊಕ್ಕೆಯ ಹಿಡಿತ, ಚರ್ಮದ ಅಂಚಿನ ಬಣ್ಣ, ಲೋಹದ ಮೇಲಿನ ಗೀರು ಇವನ್ನು ನೋಡಿ. ಪ್ರದರ್ಶನಕ್ಕಿಟ್ಟದ್ದೇ ನಿಮ್ಮ ಕೈಗೆ ಬರುತ್ತಿದ್ದರೆ ಹೊಸದು ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ವಾಪಸಾತಿಯಲ್ಲಿ ಹಣ ಬರುತ್ತದೆಯೇ, ಬದಲಿ ವಸ್ತು ಮಾತ್ರವೇ, ಎಷ್ಟು ದಿನದೊಳಗೆ, ಬೇರೆ ದೇಶದ ಶಾಖೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಆಗಲೇ ವಿಚಾರಿಸಿ. ವಿದೇಶ ಪ್ರವಾಸದಲ್ಲಿದ್ದರೆ ತೆರಿಗೆ ಮರುಪಾವತಿಯ ಮಾತನ್ನು ಬಿಲ್ ಆಗುವ ಮೊದಲೇ ಎತ್ತಿ ಪಾಸ್‌ಪೋರ್ಟ್ ತೋರಿಸಬೇಕು. ಎಲ್ಲ ದೇಶಗಳಲ್ಲೂ ಆ ಸೌಲಭ್ಯವಿಲ್ಲ. ಕೊಂಡದ್ದನ್ನು ಕೈಯಲ್ಲೇ ಒಯ್ಯುವ ಪ್ರವಾಸಿಗರಿಗೆ ಗ್ರೇಟ್ ಬ್ರಿಟನ್‌ನಲ್ಲಿ ಅದು 2021ರ ಆರಂಭದಿಂದ ನಿಂತಿದೆ.

ಮಾರಾಟದ ನಂತರದ ಸೇವೆ ಸಂಸ್ಥೆಯಿಂದ ಸಂಸ್ಥೆಗೆ ಬಹಳ ಭಿನ್ನ, ಕೊಟ್ಟ ಬೆಲೆಯ ಒಂದು ಭಾಗ ಅದಕ್ಕೇ ಸಲ್ಲುತ್ತದೆ. ರೋಲೆಕ್ಸ್ 2015ರಿಂದ ಹೊಸ ಗಡಿಯಾರಗಳಿಗೆ ಐದು ವರ್ಷಗಳ ಗ್ಯಾರಂಟಿ ನೀಡುತ್ತಿದೆ. ಕಾರ್ಟಿಯೆ ಗಡಿಯಾರವನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿದರೆ ವಾರಂಟಿ ಎಂಟು ವರ್ಷಗಳವರೆಗೆ ವಿಸ್ತರಿಸುತ್ತದೆ, ನೋಂದಾಯಿಸಲು ಮರೆತವರಿಗೆ ಆ ಹೆಚ್ಚುವರಿ ವರ್ಷಗಳಿಲ್ಲ. ಪಟೆಕ್ ಫಿಲಿಪ್ 1839ರಿಂದ ತಾನು ತಯಾರಿಸಿದ ಯಾವುದೇ ಗಡಿಯಾರವನ್ನು ದುರಸ್ತಿ ಮಾಡುವ ಹೊಣೆ ಹೊತ್ತಿದೆ. ಶನೆಲ್ 2021ರಲ್ಲಿ ತನ್ನ ಬ್ಯಾಗ್‌ಗಳ ಜೊತೆ ಕೊಡುತ್ತಿದ್ದ ದೃಢೀಕರಣದ ಕಾರ್ಡನ್ನು ಬಿಟ್ಟು ಬ್ಯಾಗಿನೊಳಗೆ ಸಂಕೇತ ಕೊರೆದ ಲೋಹದ ತಗಡು ಅಳವಡಿಸತೊಡಗಿತು. ಕಾರ್ಡ್ ಇಲ್ಲವೆಂದು ಗಾಬರಿಯಾಗುವವರು ಈಗಲೂ ಸಿಗುತ್ತಾರೆ.

ದೂರು ನೀಡಬೇಕಾಗಿ ಬಂದರೆ ವಸ್ತು ಮತ್ತು ಬಿಲ್ ಎರಡನ್ನೂ ಕೊಂಡೊಯ್ದು, ಆದದ್ದೇನು ಎಂಬುದನ್ನು ದಿನಾಂಕಸಹಿತ ಹೇಳಿ, ದುರಸ್ತಿ, ಬದಲಿ, ಹಣ ಈ ಮೂರರಲ್ಲಿ ನಿಮಗೆ ಬೇಕಾದದ್ದು ಯಾವುದೆಂದು ಸ್ಪಷ್ಟಪಡಿಸಿ. ದನಿಯೇರಿಸಿದ ಗ್ರಾಹಕರನ್ನು ಸಮಾಧಾನಪಡಿಸುವುದಕ್ಕೆ ನಾವು ಒಂದು ಲೋಟ ನೀರನ್ನೂ ಒಂದು ಕುರ್ಚಿಯನ್ನೂ ಕೊಡುತ್ತಿದ್ದೆವು. ಕಾಗದದೊಂದಿಗೆ ಬಂದವರಿಗೆ ಮ್ಯಾನೇಜರ್ ಕೇಂದ್ರ ಕಚೇರಿಗೆ ಪತ್ರ ಬರೆಯುತ್ತಿದ್ದರು. ವಸ್ತುವನ್ನು ದುರಸ್ತಿಗೆ ಬಿಡುವಾಗ ಅದರ ಮೇಲೆ ಈಗಾಗಲೇ ಇರುವ ಗೀರು, ಕಲೆಗಳನ್ನು ಸ್ವೀಕೃತಿ ಪತ್ರದಲ್ಲಿ ಹೇಗೆ ಬರೆದಿದ್ದಾರೆಂದು ಓದಿ, ನೀವೂ ಫೋಟೊ ತೆಗೆದುಕೊಂಡು, ಆಮೇಲೆ ಸಹಿ ಹಾಕಿ.

ಇನ್ನೊಂದು ಸಂಗತಿ ಉಳಿಯಿತು. ಈ ವೃತ್ತಿಯಲ್ಲಿ ಸಿಬ್ಬಂದಿ ಒಂದು ಮಳಿಗೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತಾರೆ. ನಿಮ್ಮ ದಾಖಲೆ ಸಂಸ್ಥೆಯಲ್ಲಿ ಉಳಿಯುತ್ತದೆ, ನಿಮ್ಮನ್ನು ಬಲ್ಲ ವ್ಯಕ್ತಿ ಹೊರಟುಹೋಗಿರುತ್ತಾರೆ. ಹೊರಡುವ ಸುದ್ದಿ ತಿಳಿದರೆ ‘ನನ್ನನ್ನು ಯಾರಿಗೆ ಪರಿಚಯಿಸಿ ಹೋಗುತ್ತೀರಿ’ ಎಂದು ಕೇಳಿ. ನಾನು ಕೊನೆಯ ಮಳಿಗೆಯನ್ನು ಬಿಟ್ಟಾಗ ಹಾಗೆ ಕೇಳಿದವರು ಇಬ್ಬರೇ. ಆ ಇಬ್ಬರನ್ನೂ ನನ್ನ ಜಾಗಕ್ಕೆ ಬಂದ ಹುಡುಗಿಯ ಎದುರು ಕುಳ್ಳಿರಿಸಿ, ಒಬ್ಬರಿಗೆ ಹೊಳೆಯುವ ಲೋಹ ಆಗದೆಂದೂ ಇನ್ನೊಬ್ಬರ ಎಡಪಾದ ಬಲಕ್ಕಿಂತ ಅರ್ಧ ಅಳತೆ ದೊಡ್ಡದೆಂದೂ ಹೇಳಿ ಬಂದಿದ್ದೆ.