ಥೀಲರ್ ಟಿಪ್ಪಣಿ: ವೈರಸ್ ದುರ್ಬಲವಾಯಿತು ಸರಿ, ಆದರೆ ಯಾರ ಪಾಲಿಗೆ?

ಹಳದಿ ಜ್ವರದ ಲಸಿಕೆ ಹೇಗೆ ಬಂತು ಎಂಬ ಪ್ರಶ್ನೆಗೆ ಕಳೆದ ಕಿರುಪರೀಕ್ಷೆಯಲ್ಲಿ ನಾನು ಬರೆದ ಉತ್ತರ: ‘ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿ ಸುಸ್ತು ಮಾಡಿದರು.’ ಐದಕ್ಕೆ ಒಂದು ಅಂಕ ಬಿತ್ತು. ಅದೂ ಲಸಿಕೆ ರೂಪಿಸಿದ ಥೀಲರ್ ಹೆಸರು ತಪ್ಪಿಲ್ಲದೆ ಬರೆದದ್ದಕ್ಕೆ ಇರಬೇಕು. ಅಂಕೋಲಾ–ಕಾರವಾರ ಬಸ್ಸಿನಲ್ಲಿ ನಾಲ್ಕು ದಿನ ಇದನ್ನೇ ತಲೆಯಲ್ಲಿಟ್ಟುಕೊಂಡು ಕೂತಿದ್ದೆ. ಈಗ ಗಂಟು ಬಿಚ್ಚಿದೆ. ಮರೆಯುವ ಮೊದಲು ಬರೆದಿಡುತ್ತೇನೆ.

ಜೀವನ, ಬೇಗ ಬೇಗ

ಮ್ಯಾಕ್ಸ್ ಥೀಲರ್ ಹುಟ್ಟಿದ್ದು 1899ರ ಜನವರಿ 30ರಂದು, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಅಪ್ಪ ಆರ್ನಾಲ್ಡ್ ಥೀಲರ್ ಹೆಸರಾಂತ ಪಶುವೈದ್ಯ ವಿಜ್ಞಾನಿ. ಲಂಡನ್ನಿನಲ್ಲಿ ವೈದ್ಯಕೀಯ ಓದು, 1922ರಲ್ಲಿ ಹಾರ್ವರ್ಡ್, 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನ, 1949ರಲ್ಲಿ ಲಾಸ್ಕರ್ ಪ್ರಶಸ್ತಿ, 1951ರಲ್ಲಿ ಒಬ್ಬರಿಗೇ ನೊಬೆಲ್, 1964ರಲ್ಲಿ ಯೇಲ್, 1972ರಲ್ಲಿ ನಿಧನ. ಇಸವಿಗಳು ಇಷ್ಟು ಸಾಕು.

ಹಾರ್ವರ್ಡ್ ದಿನಗಳ ಒಂದು ಸಂಗತಿ ಮಾತ್ರ ನಮ್ಮ ಕಡೆಯವರು ಮರೆಯಲಾರರು. ಹಿಡೆಯೊ ನೊಗುಚಿ ಎಂಬ ದೊಡ್ಡ ವಿಜ್ಞಾನಿ, ಹಳದಿ ಜ್ವರಕ್ಕೆ ಸುರುಳಿಯಂಥ ಒಂದು ಬ್ಯಾಕ್ಟೀರಿಯಾ ಕಾರಣ ಎಂದಿದ್ದರು. ಥೀಲರ್ ಮತ್ತು ಅವರ ಸಹೋದ್ಯೋಗಿ ಸೆಲ್ಲಾರ್ಡ್ಸ್ ತಾಳೆ ನೋಡಿದರೆ ಅದು ಇಲಿ ಜ್ವರದ ಲೆಪ್ಟೊಸ್ಪೈರ! ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರು ಹೆದರುತ್ತಾರಲ್ಲ, ಅದೇ. ಎರಡರಲ್ಲೂ ಜ್ವರ, ಎರಡರಲ್ಲೂ ಕಣ್ಣು ಹಳದಿಯಾಗಬಹುದು, ಎಡವಟ್ಟಾಗಿದ್ದು ಅಲ್ಲಿ.

ನಾನು ಎಡವಿದ ಮೆಟ್ಟಿಲು

ಪ್ರಯೋಗಕ್ಕೆ ಆಗ ಇದ್ದದ್ದು ರೀಸಸ್ ಮಂಗಗಳು, ಭಾರೀ ದುಬಾರಿ. ಬಿಳಿ ಇಲಿಯ ಮಿದುಳಿಗೇ ಚುಚ್ಚಿದರೆ ಹಳದಿ ಜ್ವರದ ವೈರಸ್ ಅದರಲ್ಲೂ ಬೆಳೆಯುತ್ತದೆ ಎಂದು 1930ರಲ್ಲಿ ಥೀಲರ್ ತೋರಿಸಿದರು. (ಈ ಕೆಲಸದ ನಡುವೆ ಅವರಿಗೇ ಹಳದಿ ಜ್ವರ ಬಂತು, ಬದುಕಿಕೊಂಡರು.) ಹೀಗೆ ಇಲಿಯಿಂದ ಇಲಿಗೆ ದಾಟಿಸುತ್ತಾ ಹೋದ ವೈರಸ್ಸನ್ನು ತಿರುಗಿ ಮಂಗಕ್ಕೆ ಕೊಟ್ಟರೆ ಯಕೃತ್ತಿಗೆ ಹಾನಿ ಕಡಿಮೆಯಾಯಿತು. ಆದರೆ ಮಿದುಳಿಗೆ ಅಪಾಯ ಹೆಚ್ಚಾಯಿತು.

ನನಗೆ ತಲೆ ಕೆಟ್ಟದ್ದು ಇಲ್ಲಿ. ಸುಸ್ತಾದ ವೈರಸ್ ಮಿದುಳಿನಲ್ಲಿ ಜೋರು ಹೇಗೆ?

ಉತ್ತರ ಸಿಕ್ಕಿದ್ದು ಅಘನಾಶಿನಿ ದಂಡೆಯ ಅಜ್ಜಿಮನೆಯಲ್ಲಿ. ಅಲ್ಲಿಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಕಗ್ಗ ಬೆಳೆಯುತ್ತಾರೆ, ಉಪ್ಪುನೀರು ತಡೆಯುವ ಭತ್ತ. ಬೀಜ ಸಂಪೂರ್ಣ ಏಕರೂಪ ಅಲ್ಲ, ಒಳಗೊಳಗೇ ಸಣ್ಣ ವ್ಯತ್ಯಾಸ ಇರುತ್ತದೆ ಅಂದುಕೊಳ್ಳಿ. ಇದನ್ನು ಮೇಲಿನ ಸಿಹಿನೀರಿನ ಗದ್ದೆಗೆ ಒಯ್ದು ಬಿತ್ತಿ, ಹುಲುಸಾಗಿ ಬಂದ ಪೈರಿನಿಂದಲೇ ಮುಂದಿನ ವರ್ಷಕ್ಕೆ ಬೀಜ ತೆಗೆದಿಡಿ. ಹೀಗೆ ನೂರು ಬೆಳೆ. ಅಲ್ಲಿ ಉಪ್ಪು ತಡೆಯುವ ಗುಣಕ್ಕೆ ಕೆಲಸವೇ ಇಲ್ಲ; ಅದಿಲ್ಲದ ಬೀಜ ಹುಟ್ಟಿದರೂ ಕೇಳುವವರಿಲ್ಲ. ನೂರನೆಯ ಬೀಜವನ್ನು ತಂದು ಗಜನಿಗೆ ಹಾಕಿದರೆ ಕೆಂಪಾಗಿ ಮಲಗುತ್ತದೆ. ಆ ಬೀಜ ಸುಸ್ತಾಗಿದೆಯೇ? ಮೇಲಿನ ಗದ್ದೆಯಲ್ಲಿ ಕೇಳಿ ನೋಡಿ! ಇದನ್ನು ಮಾವನಿಗೆ ಹೇಳಿದೆ. ‘ನೂರು ಬೆಳೆ ಯಾಕೋ, ಅಷ್ಟರೊಳಗೆ ಗಜನಿಯೆಲ್ಲಾ ಸಿಗಡಿ ಕೆರೆ ಆಗಿರ್ತದೆ’ ಅಂದ.

ಹಾಗಾಗಿ ‘ದುರ್ಬಲ’ ಎಂಬ ಪದ ಕಂಡಲ್ಲೆಲ್ಲ ‘ಯಾರಿಗೆ? ಯಾವ ಅಂಗಕ್ಕೆ?’ ಎಂದು ಕೇಳಿಕೊಳ್ಳಿ. ಇಲಿ ಮಿದುಳಿನಲ್ಲಿ ಪಳಗಿದ್ದು ಮಿದುಳಿಗೆ ಒಗ್ಗಿತು, ಯಕೃತ್ತನ್ನು ಬಿಟ್ಟಿತು. ಫ್ರೆಂಚರು ಆಫ್ರಿಕಾದಲ್ಲಿ ಬಳಸಿದ ಇಂಥದೇ ಲಸಿಕೆಯಿಂದ ಕೆಲವು ಮಕ್ಕಳಿಗೆ ಮಿದುಳುರಿ ಬಂದದ್ದು ಇದೇ ಕಾರಣಕ್ಕೆ.

17ಡಿ

ಈಗ ಇದು ಸಲೀಸು. 1927ರಲ್ಲಿ ಘಾನಾದ ಅಸಿಬಿ ಎಂಬವರ ರಕ್ತದಿಂದ ಪಡೆದ ವೈರಸ್ಸನ್ನು ಮೊದಲು ಇಲಿ ಭ್ರೂಣದ ಅಂಗಾಂಶದಲ್ಲಿ 18 ಸಲ, ಆಮೇಲೆ ಇಡೀ ಕೋಳಿ ಭ್ರೂಣವನ್ನು ಕೊಚ್ಚಿದ್ದರಲ್ಲಿ 58 ಸಲ, ಮುಂದೆ ಮಿದುಳು–ಬೆನ್ನುಹುರಿ ತೆಗೆದ ಕೋಳಿ ಭ್ರೂಣದಲ್ಲಿ ದಾಟಿಸುತ್ತಾ ಹೋದರು. 89 ಮತ್ತು 114ನೆಯ ದಾಟಿನ ನಡುವೆ ಎಲ್ಲೋ ಮಿದುಳಿನ ಮೇಲಿನ ಮೋಹವೂ ಹೋಯಿತು. ಹೀಗೆ ಸಿಕ್ಕ ಲಸಿಕೆ ತಳಿಯೇ 17ಡಿ; 1937ರಲ್ಲಿ ಥೀಲರ್ ಮತ್ತು ಹ್ಯೂ ಸ್ಮಿತ್ ಇದನ್ನು ಪ್ರಕಟಿಸಿದರು.

ನರ ಅಂಗಾಂಶ ತೆಗೆದದ್ದಕ್ಕೇ ಹೀಗಾಯಿತು ಎಂದು ಬರೆದುಬಿಡಬೇಡಿ, ಆಸೆ ಆಗುತ್ತದೆ. ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅದೇ ಫಲ ಸಿಗಲಿಲ್ಲ. ಗದ್ದೆ ಆರಿಸುತ್ತದೆ, ನಿಜ. ಆರಿಸಲಿಕ್ಕೆ ಬೇಕಾದ ಬೀಜ ಮೊದಲು ಆಕಸ್ಮಿಕವಾಗಿ ಹುಟ್ಟಬೇಕಲ್ಲ. 17ಡಿಯ ಜೀನೋಮನ್ನು (ಅದರ ಇಡೀ ಅನುವಂಶಿಕ ಬರಹ) 1985ರಲ್ಲಿ ಚಾರ್ಲ್ಸ್ ರೈಸ್ ತಂಡ ಓದಿತು (2020ರಲ್ಲಿ ಹೆಪಟೈಟಿಸ್ ಸಿ ಕೆಲಸಕ್ಕೆ ನೊಬೆಲ್ ಪಡೆದವರು ಇವರೇ). ಆಮೇಲೆ ಅಸಿಬಿ ತಳಿಯ ಜೊತೆ ಹೋಲಿಸಿದಾಗ 10,862 ಅಕ್ಷರಗಳಲ್ಲಿ ಬದಲಾದದ್ದು 68; ಅದರಿಂದ ಬದಲಾದ ಅಮೈನೋ ಆಮ್ಲಗಳು (ಪ್ರೋಟೀನಿನ ಬಿಡಿಭಾಗಗಳು) 32. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೇನೆ: 68ಕ್ಕೆ 32.

ನಮ್ಮ ಮಂಗನ ಕಾಯಿಲೆ ಜೊತೆ ಬೆರೆಸಬೇಡಿ

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತಾಗ ಮೊದಲು ಮೂಡಿದ ಶಂಕೆಯೇ ಹಳದಿ ಜ್ವರ, ಏಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲೂ ಅದು ಮಂಗಗಳನ್ನು ಕೊಲ್ಲುತ್ತದೆ. ಹುಡುಕಿಕೊಂಡು ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ; 1952ರಲ್ಲಿ ಅದನ್ನು ಕಟ್ಟಲು ನೆರವಾದದ್ದು ಥೀಲರ್ ಇದ್ದ ಅದೇ ರಾಕ್‌ಫೆಲರ್ ಪ್ರತಿಷ್ಠಾನ. ಸಿಕ್ಕಿದ್ದು ಅದೇ ಕುಟುಂಬದ ಬೇರೆ ವೈರಸ್. ಹಳದಿ ಜ್ವರ ಹರಡುವುದು ಸೊಳ್ಳೆಯಿಂದ, ಈ ಮಂಗನ ಕಾಯಿಲೆ ಉಣುಗಿನಿಂದ. ಸಿದ್ದಾಪುರದ ಗೆಳತಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕಾಡಿಗೆ ದರಕು (ಒಣಗಿದ ಎಲೆ) ತರಲು ಹೋಗುವಾಗ ಅವರ ಮನೆಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಂಡೇ ಹೋಗುವುದು.

ಮಂಗನ ಕಾಯಿಲೆಗೆ ನಮ್ಮಲ್ಲಿ ಹಾಕುತ್ತಿದ್ದ ಹಳೆಯ ಲಸಿಕೆಯ ವಿವರದಲ್ಲೂ ‘ಕೋಳಿ ಭ್ರೂಣ’ ಎಂದು ಬರುತ್ತದೆ. ಮೋಸಹೋಗಬೇಡಿ. ಅದು ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ಕೊಂದ ವೈರಸ್. ಎರಡು ಡೋಸ್, ಮೇಲೆ ಬೂಸ್ಟರ್ ಬೇಕಾಗುತ್ತಿತ್ತು. 17ಡಿ ಜೀವಂತ, ಒಂದೇ ಚುಚ್ಚು. ಕೊಂದದ್ದಕ್ಕೆ ಗಜನಿಯ ಕತೆ ಬರೆದರೆ ಮತ್ತೆ ಐದಕ್ಕೆ ಒಂದೇ.